ತುಳಿಯದೆ ಕೊಟ್ಟ ಹೊಟ್ಟೆಪಟ್ಟಿ

ಆ ಹೊಟ್ಟೆಪಟ್ಟಿಯನ್ನು ನಾನು ತುಳಿದು ನೋಡದೆ ತಮ್ಮನ ಕೈಗೆ ಕೊಟ್ಟೆ. ಎರಡು ನಿಮಿಷದ ಕೆಲಸ. ಅದನ್ನು ಮಾಡಲಿಲ್ಲ. ಮಾಡಲಿಲ್ಲ ಅಂತ ಹೇಳುವುದಕ್ಕೆ ಐದು ತಿಂಗಳು ಬಾಯಿ ಬರಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸಿನ ತನಕ. ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಜಟಕಾ ಗಾಡಿಗಳು ನಿಲ್ಲುತ್ತಿದ್ದ ಕಾಲದಲ್ಲಿ ನಮ್ಮಪ್ಪ ಅವುಗಳ ಪಟ್ಟಿ ಹೊಲಿಯುತ್ತಿದ್ದ. ಎದೆಪಟ್ಟಿ, ಬಾಲದ ಪಟ್ಟಿ, ಲಗಾಮು ಎಲ್ಲ. ನನ್ನ ಬೆರಳು ಸಣ್ಣದು, ದಬ್ಬಣ ಚುಚ್ಚಿದ ತೂತಿನಲ್ಲಿ ಎರಡು ಕಡೆಯಿಂದ ಎರಡು ಸೂಜಿ ತೂರಿಸುವುದು ನನಗೆ ಸುಲಭ ಅಂತ ಶಾಲೆ ಬಿಡಿಸಿ ಪಕ್ಕಕ್ಕೆ ಕೂರಿಸಿಕೊಂಡ. ತಮ್ಮನನ್ನು ಮಾತ್ರ ಹತ್ತನೆಯವರೆಗೆ ಓದಿಸಿದ. ಅದಕ್ಕೆ ನನಗೆ ಬೇಸರ ಇಲ್ಲ. ಜಟಕಾಗಳು ಹೋದ ಮೇಲೂ ನನ್ನ ಕೈಯಲ್ಲಿ ಕೆಲಸ ಉಳಿಯಿತು. ಶಾಲೆಯ ಬ್ಯಾಗು, ಔಷಧಿ ಹೊಡೆಯುವ ಪಂಪಿನ ಹೆಗಲಪಟ್ಟಿ, ಡೋಲಿನ ಪಟ್ಟಿ ಹೊಲಿದುಕೊಂಡು ಬಂದೆ. ಆರು ವರ್ಷದ ಹಿಂದೆ ತಮ್ಮ ಒಂದು ಬಿಳಿ ಹೆಣ್ಣುಕುದುರೆ ತಂದ. ಮದುವೆಯಲ್ಲಿ ಗಂಡನ್ನು ಕೂರಿಸಿ ಮೆರವಣಿಗೆ ಮಾಡುವುದಕ್ಕೆ. ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಎಲ್ಲ ಕಡೆಯಿಂದ ಫೋನು ಬರುತ್ತಿತ್ತು. ಕುದುರೆಯನ್ನು ಗೂಡ್ಸ್ ಗಾಡಿಯಲ್ಲಿ ಹತ್ತಿಸಿಕೊಂಡು ಹೋಗುತ್ತಿದ್ದ. ಅದರ ಪಟ್ಟಿಗಳೆಲ್ಲ ನನ್ನ ಹೊಲಿಗೆ.

ಹೊಟ್ಟೆಪಟ್ಟಿ ಅಂದರೆ ಜೀನನ್ನು ಕುದುರೆಯ ಬೆನ್ನಿಗೆ ಬಿಗಿಯುವುದು. ಅಪ್ಪ ಅದನ್ನು ತಂಗು ಅನ್ನುತ್ತಿದ್ದ. ನಡುವೆ ಮಂಚಕ್ಕೆ ಹೆಣೆಯುವಂಥ ಹತ್ತಿಯ ನವಾರ, ಎರಡು ಪದರ. ಎರಡು ತುದಿಗೆ ತೊಗಲು, ತೊಗಲಿಗೆ ಬಕಲು. ಕುದುರೆಯ ಚರ್ಮ ಉಜ್ಜಿ ಗಾಯ ಆಗದ ಹಾಗೆ ನವಾರದ ಮೇಲೆ ಕಂಬಳಿಯ ಚೀಲ. ಬೇರೆ ಯಾವ ಪಟ್ಟಿ ಹರಿದರೂ ಕುದುರೆ ನಿಂತುಕೊಳ್ಳುತ್ತದೆ, ನಗುವವರು ನಗುತ್ತಾರೆ, ಅಷ್ಟೇ. ಇದು ಹರಿದರೆ ಮೇಲಿದ್ದವನು ಕೆಳಗೆ.

ಅದಕ್ಕೇ ಅಪ್ಪ ಒಂದು ಕ್ರಮ ಇಟ್ಟಿದ್ದ. ಹೊಸದಾಗಿ ಹೊಲಿದದ್ದಿರಲಿ, ಒಂದು ಟಾಕು ಹಾಕಿದ್ದಿರಲಿ, ತುಳಿಯದೆ ಕೊಡುವ ಹಾಗಿಲ್ಲ. ಪಟ್ಟಿಯ ನಡುವಿಗೆ ಬಲಗಾಲಿಟ್ಟು, ಎರಡು ಬಕಲನ್ನು ಎರಡು ಕೈಯಲ್ಲಿ ಹಿಡಿದು, ಮೈಭಾರವೆಲ್ಲ ಹಾಕಿ ಮೇಲಕ್ಕೆ ಎಳೆಯಬೇಕು. ಹತ್ತು ಎಣಿಸುವ ತನಕ ಬಿಡಬಾರದು. ಕಾಲು ತಾಗಿಸಿದ್ದಕ್ಕೆ ಆಮೇಲೆ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡು ಕೊಡಬೇಕು. "ಕುದುರೆ ಹೊಟ್ಟೇಲಿ ಹರಿಯೋದು ನಿನ್ನ ಕಾಲಲ್ಲೇ ಹರೀಲಿ" ಅನ್ನುತ್ತಿದ್ದ. ಇನ್ನೊಂದು ಮಾತು ಹೇಳುತ್ತಿದ್ದ: ತೊಗಲಿಗೆ ಹೊಂಗೆ ಎಣ್ಣೆ ಬಿಟ್ಟು ಬೇರೆ ಹಾಕಬೇಡ, ನಾವು ತಿನ್ನುವ ಎಣ್ಣೆ ಹಾಕಿದರೆ ತಿನ್ನುವವರು ಬರುತ್ತಾರೆ.

ದೀಪಾವಳಿ ಕಳೆದು ಲಗ್ನಗಳು ಶುರುವಾಗಿದ್ದವು. ತಮ್ಮ ಹೊಟ್ಟೆಪಟ್ಟಿ ತಂದು ಕೊಟ್ಟ. ಬಕಲಿನ ಹತ್ತಿರ ನಾಲ್ಕು ಟಾಕು ಬಿಟ್ಟಿತ್ತು. ಹೊಲಿದೆ. ತೊಗಲು ಒಣಗಿತ್ತು, ಹೊಂಗೆ ಎಣ್ಣೆಯ ಬಾಟ್ಲಿ ನೋಡಿದರೆ ಖಾಲಿ. ಅಂಗಡಿ ಇರುವುದು ನಮ್ಮ ಬೀದಿಯ ತಿರುವಿನಲ್ಲೇ. ಎದ್ದು ಹೋಗಲಿಕ್ಕೆ ಸೋಮಾರಿತನ. ಹಬ್ಬಕ್ಕೆ ಚಕ್ಕುಲಿ ಕರಿದ ಎಣ್ಣೆ ಬಾಣಲೆಯಲ್ಲಿ ಹಾಗೇ ಇತ್ತು. ಅದರಲ್ಲಿ ಬಟ್ಟೆ ಅದ್ದಿ ಉಜ್ಜಿದೆ. ಕಂಬಳಿಯ ಚೀಲ ಏರಿಸಿ, ಹಿಂದಿನ ಕೋಣೆಯಲ್ಲಿ ಹುರುಳಿ ಮೂಟೆಯ ಮೇಲಿನ ಮೊಳೆಗೆ ನೇತು ಹಾಕಿದೆ. ನಾಲ್ಕು ದಿನ ಅಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಕೋಣೆ ಗುಡಿಸುವಾಗ ಮೂಟೆಯ ಮೇಲೆ ಬಿಳೀ ಹತ್ತಿಯ ಪುಡಿ ಬಿದ್ದಿತ್ತು. ನೋಡಿದೆ. ನೋಡಿಲ್ಲ ಅಂತ ಹೇಳಿದರೆ ಅದು ಸುಳ್ಳು. ಮೂಟೆಯ ಗೋಣಿಯದ್ದೇ ಇರಬೇಕು ಅಂದುಕೊಂಡು ಗುಡಿಸಿ ಹಾಕಿದೆ. ಅಷ್ಟರಲ್ಲಿ ತಮ್ಮ ಬಾಗಿಲಲ್ಲಿ ನಿಂತು ಬೈಕಿನ ಹಾರನ್ ಹೊಡೆಯುತ್ತಿದ್ದ. ಪಟ್ಟಿಯನ್ನು ಮಡಚಿ ಚೀಲಕ್ಕೆ ತುರುಕಿ ಕೊಟ್ಟೆ.

"ತುಳಿದ್ಯೇನಕ್ಕಾ?" ಅಂತ ಅವನು ಕೇಳಲಿಲ್ಲ. ಯಾವತ್ತೂ ಕೇಳುತ್ತಿರಲಿಲ್ಲ. ನಾನು ತುಳಿದೇ ಕೊಡುತ್ತೇನೆ ಅನ್ನುವುದು ಅವನಿಗೆ ಸೂರ್ಯ ಹುಟ್ಟಿದಷ್ಟು ಖಾತ್ರಿ.

ಮದುವೆ ಮರುದಿನ, ಸೊರಬದಲ್ಲಿ. ಗಂಡು ಕುದುರೆ ಹತ್ತಿದ್ದಾನೆ, ಬ್ಯಾಂಡು ಶುರುವಾಗಿದೆ, ಯಾರೋ ಪಟಾಕಿ ಸರ ಹಚ್ಚಿದ್ದಾರೆ. ಕುದುರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿತು. ಅಷ್ಟಕ್ಕೇ ಜೀನು ತಿರುಗಿಕೊಂಡಿತು. ಗಂಡು ನೆಲಕ್ಕೆ ಬೀಳದ ಹಾಗೆ ತಮ್ಮ ಅಡ್ಡ ನಿಂತು ಹೆಗಲು ಕೊಟ್ಟ. ಗಂಡಿಗೆ ಪೇಟ ಬಿದ್ದದ್ದು ಬಿಟ್ಟರೆ ಏನೂ ಆಗಲಿಲ್ಲ. ತಮ್ಮನ ಹೆಗಲ ಎಲುಬು ಮುರಿಯಿತು. ಅವನು ಆಸ್ಪತ್ರೆಗೆ ಹೋಗಿ ಮುಟ್ಟುವ ಮೊದಲೇ ವಿಡಿಯೋ ನಮ್ಮ ಬೀದಿಯ ಫೋನುಗಳಲ್ಲೆಲ್ಲ ಓಡಾಡುತ್ತಿತ್ತು.

ನಾನು ಹೋದಾಗ ಅವನು ಕೈಗೆ ಜೋಳಿಗೆ ಕಟ್ಟಿಸಿಕೊಂಡು ಮಂಚದ ಮೇಲೆ ಕೂತಿದ್ದ. ನೋವಿಗಿಂತ ಸಿಟ್ಟು ಜಾಸ್ತಿ ಇತ್ತು. ಹರಿದ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದ.

"ನೋಡಕ್ಕಾ, ಮೇಲಿನ ಕಂಬಳಿಗೆ ಏನೂ ಆಗಿಲ್ಲ. ಒಳಗಿನ ನವಾರ ಮಾತ್ರ ಮುಕ್ಕಾಲು ತುಂಡಾಗೈತೆ. ಹಳೇದಾಗಿ ಹರಿದ್ರೆ ಹಿಂಗಾಗುತ್ತಾ? ಕಂಬಳಿ ಸರಿಸಿ, ಒಳಗೆ ಕುಯ್ದು, ಮತ್ತೆ ಕಂಬಳಿ ಎಳೆದು ಬಿಟ್ಟಿದಾನೆ. ಇದು ಕಸುಬು ಗೊತ್ತಿರೋನ ಕೆಲಸ."

ನಾನು ಅಂಚನ್ನು ನೋಡಿದೆ. ಚಾಕು ಹಾಕಿದ ಅಂಚು ನೆಟ್ಟಗಿರುತ್ತದೆ. ಇದು ಕಚ್ಚು ಕಚ್ಚಾಗಿತ್ತು. ಎಣ್ಣೆ ಕುಡಿದ ತೊಗಲಿನ ಮೇಲೆ ಜೋಡಿ ಜೋಡಿ ಸಣ್ಣ ಗೀರು. ಇಲಿಯ ಹಲ್ಲು. ಎಣ್ಣೆಯ ವಾಸನೆಗೆ ಕಂಬಳಿ ಚೀಲದ ತೆರೆದ ಬಾಯಿಂದಲೇ ಒಳಗೆ ನುಗ್ಗಿತ್ತು. ಬಾಣಲೆ ನೆನಪಾಯಿತು, ಬಿಳೀ ಪುಡಿ ನೆನಪಾಯಿತು.

"ಯಾರು ಅಂತೀಯ?" ಅಂದೆ. ಆ ಪ್ರಶ್ನೆ ನಾನು ಕೇಳಬಾರದಿತ್ತು.

"ಇನ್ಯಾರು? ಲಾಳದವನು."

ಕುದುರೆಗೆ ಲಾಳ ಹೊಡೆಯುವವರು ಸೊರಬದ ಕಡೆಯವರು. ಕುಪ್ಪಗಡ್ಡೆಯಿಂದ ಸ್ವಲ್ಪ ಒಳಗೆ ಅವರ ಮನೆ. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ತಮ್ಮನಿಗೆ ಕುದುರೆ ಆರಿಸಿ ಕೊಟ್ಟವರು, ಅದರ ಬಾಯಿಗೆ ಕಡಿವಾಣ ಇಡುವುದನ್ನು ಕಲಿಸಿದವರು ಅವರೇ. ಎತ್ತು ಕಡಿಮೆಯಾಗಿ ಅವರ ಕೆಲಸವೂ ಕಡಿಮೆಯಾಗಿತ್ತು. ಆದರೂ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಕುದುರೆಯ ಗೊರಸು ನೋಡಿ ಹೋಗುತ್ತಿದ್ದರು. ನನ್ನನ್ನು ತಂಗೀ ಅನ್ನುತ್ತಿದ್ದರು. ಲಾಳ ಹೊಡೆಯುವಾಗ ಅವರು ಸೊಂಟದ ಮುಂದೆ ಕಟ್ಟಿಕೊಳ್ಳುವ ತೊಗಲಿನ ಮುಂಗಚ್ಚೆಯ ಪಟ್ಟಿ ಅಪ್ಪ ಹೊಲಿದು ಕೊಟ್ಟದ್ದು, ಇವತ್ತಿಗೂ ಅದೇ.

ಆ ಶನಿವಾರ ಮಧ್ಯಾಹ್ನ ಅವರು ಲಾಳ ಕಟ್ಟಲಿಕ್ಕೆ ಬಂದಿದ್ದರು. ತಮ್ಮ ಗೂಡ್ಸ್ ಗಾಡಿಯವನನ್ನು ನೋಡಿ ಬರಲು ಹೋಗಿದ್ದ. ಅರ್ಧ ಗಂಟೆ ಕೊಟ್ಟಿಗೆಯಲ್ಲಿ ಅವರೊಬ್ಬರೇ. ಪಟ್ಟಿಯ ಚೀಲ ಅಲ್ಲೇ ಗೂಟದಲ್ಲಿತ್ತು. ಅವನು ಬಂದ ಮೇಲೆ ಇಬ್ಬರಿಗೂ ಸ್ವಲ್ಪ ಮಾತಾಗಿತ್ತು. ಗೊರಸು ಸವೆದಿದೆ, ಹದಿನೈದು ದಿನ ಮದುವೆ ಒಪ್ಪಿಕೊಳ್ಳಬೇಡ ಅಂದಿದ್ದರು. ತಮ್ಮ ಕೇಳಲಿಲ್ಲ. "ಹಿಂಗೇ ಓಡಿಸು ಮಾರಾಯಾ, ಒಂದಿನ ನೀನೇ ಬೀಳ್ತೀಯ" ಅಂದು ಬಸ್ಸು ಹತ್ತಿದ್ದರು.

"ಮೊದ್ಲೇ ಹೇಳಿ ಹೋದ ನೋಡು, ಬೀಳ್ತೀಯ ಅಂತ" ಅಂದ ತಮ್ಮ. "ಸೊರಬಕ್ಕೆ ಇನ್ನೊಂದು ಮದುವೆ ಕುದುರೆ ಬಂದೈತಲ್ಲ, ಅದಕ್ಕೂ ಲಾಳ ಹೊಡೆಯೋನು ಇವನೇ. ನಾನು ಬಿದ್ರೆ ಯಾರಿಗೆ ಲಾಭ? ನೀನೇ ಹೇಳು."

ಒಂದೊಂದನ್ನೂ ಬಿಡಿಸಿ ನೋಡಿದರೆ ಏನೂ ಇಲ್ಲ. ಒಟ್ಟಿಗೆ ಇಟ್ಟರೆ ಒಬ್ಬ ಮನುಷ್ಯನನ್ನು ಕಟ್ಟಿಹಾಕುವಷ್ಟು ಆಗುತ್ತದೆ. ನಾನು "ಇರಬಹುದೇನೋ" ಅಂದೆ. ಆ ಒಂದು ಮಾತನ್ನು ನಾನೇ ನನ್ನ ಬಾಯಿಂದ ಅಂದೆ.

ಮೂರನೇ ದಿನ ಅವರೇ ನಮ್ಮ ಮನೆಗೆ ಬಂದರು. ತಮ್ಮನ ಮನೆಗೆ ಹೋಗಿದ್ದರಂತೆ, ಅವನು ಬಾಗಿಲು ಹಾಕಿಕೊಂಡನಂತೆ. ಕೂರಿ ಅಂದರೆ ಕೂರಲಿಲ್ಲ. ಚಪ್ಪಲಿ ಕಳಚಲಿಲ್ಲ. ನನ್ನ ಮುಖವನ್ನೇ ನೋಡುತ್ತ ಒಂದೇ ಒಂದು ಕೇಳಿದರು.

"ತಂಗೀ, ಪಟ್ಟಿ ತುಳಿದು ಕೊಟ್ಟಿದ್ದೆ ತಾನೆ?"

ಅಪ್ಪನ ಕ್ರಮ ಅವರಿಗೆ ಗೊತ್ತು. ಅವರ ಕಣ್ಣಿನಲ್ಲಿ ಸಂಶಯ ಇತ್ತೋ, ಆಸೆ ಇತ್ತೋ ನನಗೆ ಈಗಲೂ ತಿಳಿಯದು. ಇಲ್ಲ ಅನ್ನಲು ಅದಕ್ಕಿಂತ ಒಳ್ಳೆಯ ಗಳಿಗೆ ಬರುವುದಿಲ್ಲ ಅಂತ ಗೊತ್ತಿತ್ತು.

"ಹೂಂ ಅಣ್ಣಾ. ತುಳಿದೇ ಕೊಟ್ಟಿದ್ದೆ" ಅಂದೆ.

ಅವರು ಬಾಗಿಲ ಕಡೆ ತಿರುಗಿದರು. "ಹಂಗಾದ್ರೆ ಕುಯ್ದವನು ನಾನೇ ಅಂತಾಯ್ತು" ಅಂದು ಮೆಟ್ಟಿಲಿಳಿದು ಹೋದರು.

ಅಲ್ಲಿಂದ ನನಗೆ ಎಲ್ಲರ ಮೇಲೂ ಅನುಮಾನ ಶುರುವಾಯಿತು. ತಮ್ಮನ ಹೆಂಡತಿ ಹರಿದ ಪಟ್ಟಿಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಅವನೇ ಇಡಲು ಹೇಳಿದ್ದು, ಸಾಕ್ಷಿಗೆ ಇರಲಿ ಅಂತ. ಬೀಗ ಹಾಕುವಾಗ ಅವಳು ನನ್ನ ಕಡೆ ತಿರುಗಿದ್ದು ಸುಮ್ಮನೆಯೋ, ಹಲ್ಲಿನ ಗುರುತು ಅವಳಿಗೂ ಕಂಡಿದೆಯೋ? ಬ್ಯಾಗು ಹೊಲಿಸಲು ಬಂದವರು "ಗಟ್ಟಿ ಹೊಲೀರಿ" ಅಂದರೆ, ಯಾಕೆ ಹಾಗಂದರು ಅಂತ ಸಂಜೆಯವರೆಗೆ ಯೋಚನೆ. ಒಂದು ದಿನ ತಮ್ಮ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ನನ್ನ ಗಂಡ ಅನ್ನಕ್ಕೆ ಸಾರು ಹಾಕಿಸಿಕೊಳ್ಳುತ್ತ, "ನಾಳೆ ಒಂದು ಇಲಿಬೋನು ತರಬೇಕು" ಅಂದರು.

"ನಮ್ಮನೇಲಿ ಇಲಿ ಎಲ್ಲಿದೆ?" ಅಂತ ನಾನು ಕೂಗಿಯೇ ಬಿಟ್ಟೆ.

"ಎಲ್ಲಿದೆ ಅಂತೀಯಲ್ಲ, ನಿನ್ನೆ ನನ್ನ ಬನಿಯನ್ ಮೇಲೇ ಓಡಾಡ್ತು. ಹೆಸರು ಕೇಳಿಟ್ಟುಕೊಳ್ಳಬೇಕಿತ್ತಾ?"

ತಮ್ಮ ನಕ್ಕ. ಅಪರೂಪಕ್ಕೆ ನಕ್ಕ. ನಾನು ಒಳಗೆ ಹೋಗಿ ಮಜ್ಜಿಗೆ ತರುವ ನೆಪದಲ್ಲಿ ಗೋಡೆಗೆ ಒರಗಿ ನಿಂತೆ. ಗಂಡನಿಗೆ ಗೊತ್ತಿದ್ದೇ ಹೇಳಿದರೇನೋ ಅಂತ ವಾರವೆಲ್ಲ ಅವರ ಮುಖ ನೋಡಿದೆ. ಅವರಿಗೆ ಏನೂ ಗೊತ್ತಿರಲಿಲ್ಲ. ಬೋನು ತಂದರು, ಮೂರು ಇಲಿ ಬಿದ್ದವು.

ತಮ್ಮನ ಅನುಮಾನ ನನ್ನದಕ್ಕಿಂತ ದೊಡ್ಡದು. ಕೊಟ್ಟಿಗೆಯ ಬಾಗಿಲಿಗೆ ದಾರ ಕಟ್ಟಿ ಹೋಗುತ್ತಿದ್ದ, ಬಂದು ದಾರ ಹಾಗೇ ಇದೆಯೋ ನೋಡುತ್ತಿದ್ದ. ಬ್ಯಾಂಡಿನವರು ಕುದುರೆಯ ಹತ್ತಿರ ಬಂದರೆ ರೇಗುತ್ತಿದ್ದ. ಅವನು ನಂಬಿದ್ದು ಒಬ್ಬರನ್ನೇ. "ಅಕ್ಕಾ, ಇನ್ಮೇಲೆ ಪಟ್ಟಿ ನೀನೇ ತಂದು ನನ್ನ ಕೈಗೆ ಕೊಡು. ನಡುವೆ ಯಾರೂ ಬೇಡ. ನಿನ್ನ ಕೈ ಒಂದೇ ನಂಗೆ ಭರವಸೆ." ಹೊಸ ಪಟ್ಟಿ ಹೊಲಿದೆ, ಹೊಂಗೆ ಎಣ್ಣೆ ಹಾಕಿದೆ, ಪ್ರತಿ ಸಲ ತುಳಿದೆ. ಹತ್ತಕ್ಕೆ ನಿಲ್ಲದೆ ಐವತ್ತರ ತನಕ ಎಣಿಸಿದೆ. ಅದರಿಂದ ಏನೂ ಸರಿಹೋಗಲಿಲ್ಲ.

ಲಾಳದವರ ಸುದ್ದಿ ಚೂರು ಚೂರು ಬರುತ್ತಿತ್ತು. ಸೊರಬದ ಆ ಇನ್ನೊಂದು ಕುದುರೆಯವನೂ ಅವರನ್ನು ಬಿಟ್ಟನಂತೆ. ಸಿಟ್ಟು ಬಂದರೆ ಪಟ್ಟಿ ಕುಯ್ಯುವವನು ಅಂತ ಮಾತು ಹಬ್ಬಿ ಎತ್ತು ಇದ್ದವರೂ ಬೇರೆಯವರನ್ನು ಕರೆಯುತ್ತಿದ್ದಾರಂತೆ. ಶಿರಾಳಕೊಪ್ಪದ ಸಂತೆಯಲ್ಲಿ ಒಂದು ಸಲ ದೂರದಿಂದ ಕಂಡರು. ನಾನು ತರಕಾರಿಯ ಸಾಲಿನ ಹಿಂದೆ ಸರಿದುಕೊಂಡೆ. ಅವರು ನೋಡಿದರೋ ಇಲ್ಲವೋ, ಆ ಕಡೆ ಬರಲಿಲ್ಲ.

ವೈಶಾಖದ ಲಗ್ನಗಳ ಹೊತ್ತಿಗೆ ಕುದುರೆ ಕುಂಟಲು ಶುರು ಮಾಡಿತು. ತಮ್ಮ ಎಲ್ಲಿಂದಲೋ ಕರೆಸಿದ ಹೊಸಬ ಲಾಳದ ಮೊಳೆಯನ್ನು ಗೊರಸಿನ ಜೀವದ ಭಾಗಕ್ಕೆ ಹೊಡೆದಿದ್ದ. ಮುಂಗಾಲು ಬಿಸಿ, ಮುಟ್ಟಲು ಬಿಡುವುದಿಲ್ಲ. ಪಶುವೈದ್ಯರು ಸೂಜಿ ಹಾಕಿ, ಲಾಳ ಕಿತ್ತು, "ಇದಕ್ಕೆ ಗೊರಸು ಗೊತ್ತಿರೋರು ಬೇಕು, ಮೊದಲು ಮಾಡ್ತಿದ್ದೋರನ್ನೇ ಕರೀರಿ" ಅಂದರು.

"ಅವನನ್ನ ಕರೆಯೋದಾ? ಕುದುರೆ ಮಾರ್ತೀನಿ, ಅವನನ್ನ ಕರೆಯಲ್ಲ" ಅಂದ ತಮ್ಮ. "ಈ ಹೊಸಬನನ್ನೂ ಅವನೇ ಕಳಿಸಿರಬೇಕು."

ಆ ಹೊಸಬ ಯಾವ ಊರಿನವನೋ, ಇವರ ಹೆಸರೇ ಕೇಳಿದವನಲ್ಲ. ತಮ್ಮನ ಮುಖ ನೋಡಿದೆ. ಕೆನ್ನೆ ಒಳಕ್ಕೆ ಹೋಗಿತ್ತು. ಅವನ ಪಾಲಿಗೆ ಇನ್ನು ಈ ಲೋಕದಲ್ಲಿ ಒಳ್ಳೆಯವರು ಉಳಿದಿಲ್ಲ ಅನ್ನಿಸಿತು, ನನ್ನ ಹೊರತು.

ಮಾರುವ ಕುದುರೆಯ ಜೊತೆ ಇನ್ನೊಂದು ಗಟ್ಟಿ ಪಟ್ಟಿಯನ್ನೂ ಹೊಲಿದು ಕೊಡಬೇಕು ಅಂತ ಅವನ ಹಟ. ಬಕಲು ಬೇಕಿತ್ತು. ಹಳೆಯದರ ಹಿತ್ತಾಳೆ ಬಕಲು ಅಪ್ಪನ ಕಾಲದ್ದು. ಟ್ರಂಕು ತೆಗೆಸಿ ಹರಿದ ಪಟ್ಟಿಯನ್ನು ನನ್ನ ಕೈಗಿಟ್ಟ. "ಬಕಲು ಬಿಚ್ಕೋ. ಉಳಿದದ್ದು ಬಚ್ಚಲ ಒಲೆಗೆ ಹಾಕು. ಸಾಕ್ಷಿ ಇಟ್ಕೊಂಡು ಏನ್ ಮಾಡ್ಲಿ."

ಅದನ್ನೇ ನಾನು ಐದು ತಿಂಗಳಿಂದ ಬೇಡಿಕೊಂಡಿದ್ದೆ. ಆ ಪಟ್ಟಿ ಸುಟ್ಟುಹೋಗಲಿ ಅಂತ. ಬಚ್ಚಲ ಒಲೆಯಲ್ಲಿ ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಅದರ ಮುಂದೆ ಕೂತು ಬ್ಲೇಡಿನಲ್ಲಿ ಒಂದೊಂದೇ ಟಾಕು ಬಿಚ್ಚಿದೆ. ತಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ನಿಂಗೊಂದು ಹೇಳ್ತೀನಿ ಅಕ್ಕಾ" ಅಂದ. "ಮೊದಲ ದಿನ ಅವನ ಮೇಲೆ ನಂಗೆ ಪೂರ್ತಿ ಅನುಮಾನ ಇರಲಿಲ್ಲ. ಬೇರೆ ಏನಾದ್ರೂ ಆಗಿರಬಹುದಾ ಅಂತ ಇತ್ತು. ಆಮೇಲೆ ಅವನು ಮನೆಗೆ ಬಂದು ಕೇಳಿದಾಗ ನೀನು ತುಳಿದೇ ಕೊಟ್ಟೆ ಅಂದೆಯಂತಲ್ಲ, ಅದು ಕಿವಿಗೆ ಬಿದ್ದಾಗ ಗಟ್ಟಿ ಆಯ್ತು. ನೀನು ತುಳಿದಾಗ ಸರಿ ಇದ್ದದ್ದು ಮರುದಿನಕ್ಕೆ ತುಂಡಾಗಿದ್ರೆ ನಡುವೆ ಯಾರೋ ಕೈ ಹಾಕಿರಲೇಬೇಕು."

ಬಕಲು ನನ್ನ ಕೈಗೆ ಬಂತು. ಉಳಿದ ತುಂಡನ್ನು ಒಲೆಗೆ ಹಾಕುವ ಬದಲು ಬೆಳಕಿಗೆ ಹಿಡಿದೆ.

"ಬಾ ಇಲ್ಲಿ. ಈ ಗೀರು ನೋಡು. ಜೋಡಿ ಜೋಡಿ ಇದೆ ನೋಡು."

ಅವನು ಬಗ್ಗಿ ನೋಡಿದ. ತಿಳಿಯಲಿಲ್ಲ. ಹುರುಳಿ ಮೂಟೆಯ ಮೂಲೆಯಲ್ಲಿ ಇಲಿ ಕಡಿದ ಮರದ ಹಲಗೆ ಇರುತ್ತದಲ್ಲ, ಹಾಗಿದೆ ಅಲ್ಲವಾ ಅಂದೆ. ಆಮೇಲೆ ಎಲ್ಲ ಹೇಳಿದೆ. ಚಕ್ಕುಲಿ ಎಣ್ಣೆ, ಬಿಳೀ ಪುಡಿ, ಹಾರನ್ನು, ತುಳಿಯದೆ ಮಡಚಿ ಕೊಟ್ಟದ್ದು. ಅವರು ಮನೆಗೆ ಬಂದು ಕೇಳಿದಾಗ ಅಂದ ಸುಳ್ಳು.

ಹೊಡೆಯುತ್ತಾನೆ ಅಂದುಕೊಂಡಿದ್ದೆ. ಬೈದರೂ ಹಗುರ ಆಗುತ್ತಿತ್ತು. ಅವನು ಬಗ್ಗಿ ಒಲೆಯ ಕೊಳ್ಳಿಗಳನ್ನು ಹೊರಕ್ಕೆ ಎಳೆದ. ನಾನು "ತಪ್ಪಾಯ್ತು ಕಣೋ" ಅನ್ನಲು ಬಾಯಿ ತೆರೆದೆ.

"ನಂಗೆ ಹೇಳಬೇಡ" ಅಂದ. "ನಾನೂ ನಿನ್ನ ಸಾಲಿನಲ್ಲೇ ನಿಲ್ಲಬೇಕಾದವನು. ಗಾಡಿ ತೆಗೀತೀನಿ, ಕೂರು."

ಬೈಕಿನ ಹಿಂದೆ ಪಟ್ಟಿಯ ತುಂಡನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತೆ. ಶಿರಾಳಕೊಪ್ಪ ದಾಟಿ, ಸೊರಬ ದಾಟಿ ಕುಪ್ಪಗಡ್ಡೆಯ ದಾರಿ ಹಿಡಿದೆವು. ಅವನ ಎಡ ಹೆಗಲು ಬಲಕ್ಕಿಂತ ಸ್ವಲ್ಪ ಕೆಳಗಿದೆ. ಅದು ಹಾಗೇ ಉಳಿಯುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ದಾರಿಯುದ್ದಕ್ಕೂ ಅದನ್ನೇ ನೋಡಿಕೊಂಡು ಹೋದೆ.

ಲಾಳದವರು ಅಂಗಳದಲ್ಲಿ ಕಲ್ಲಿನ ಮೇಲೆ ಸೊಟ್ಟ ಮೊಳೆಗಳನ್ನಿಟ್ಟು ತಟ್ಟಿ ನೆಟ್ಟಗೆ ಮಾಡುತ್ತಿದ್ದರು. ಬೇಲಿಗೆ ಹೊಡೆಯಲಿಕ್ಕೆ ಇರಬೇಕು. ಅಪ್ಪನ ಪಟ್ಟಿಯ ಮುಂಗಚ್ಚೆ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು, ಮೇಲೆ ಧೂಳು. ನಮ್ಮನ್ನು ನೋಡಿ ಅವರು ಏಳಲಿಲ್ಲ. ಸುತ್ತಿಗೆ ಮಾತ್ರ ನಿಂತಿತು. ಅವರ ಹೆಂಡತಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು.

"ಏನು, ಇನ್ನೊಂದು ಪಟ್ಟಿ ಹರೀತಾ? ಬನ್ನಿ ಹುಡುಕಿ, ಒಳಗೆ ಕುಡುಗೋಲಿದೆ, ಚಾಕುವಿದೆ, ಎಲ್ಲ ಇದೆ. ಯಾವುದು ಬೇಕು ತಗೊಳ್ಳಿ ಮಾರಾಯ್ರೇ."

ತಮ್ಮ ತಲೆ ತಗ್ಗಿಸಿದ. ಪಕ್ಕದ ಮನೆಯ ಕಟ್ಟೆಯಲ್ಲಿ ಮೂರು ಜನ ಕೂತಿದ್ದವರು ಮಾತು ನಿಲ್ಲಿಸಿ ಈ ಕಡೆ ತಿರುಗಿದರು. ನಾನು ಪಟ್ಟಿಯ ತುಂಡನ್ನು ಲಾಳದವರ ಮೊಳೆಯ ಕಲ್ಲಿನ ಮೇಲೆ ಇಟ್ಟೆ. ಅವರು ಎತ್ತಿಕೊಂಡು ತೊಗಲಿನ ಮೇಲೆ ಹೆಬ್ಬೆರಳು ಎಳೆದರು. ಗೊರಸು ನೋಡುವ ಬೆರಳು ಅದು, ಒಂದೇ ಸಲಕ್ಕೆ ತಿಳಿಯಿತು. ಮೂಗಿನ ಹತ್ತಿರ ಹಿಡಿದರು.

"ಇದು ಹೊಂಗೆ ಎಣ್ಣೆ ಅಲ್ಲ" ಅಂದರು.

"ಅಲ್ಲ" ಅಂದೆ. "ತಪ್ಪಾಯ್ತು" ಅಂದೆ. ಅದು ನನಗೇ ಸರಿಯಾಗಿ ಕೇಳಲಿಲ್ಲ.

"ಕೇಳಲಿಲ್ಲ" ಅಂದರು ಅವರ ಹೆಂಡತಿ. "ಇವರ ಹೆಸರು ಕೆಡಿಸಿದ ಮಾತು ಆನವಟ್ಟಿವರೆಗೂ ಕೇಳಿಸಿತ್ತು. ಇದು ಆ ಕಟ್ಟೆವರೆಗಾದರೂ ಕೇಳಲಿ."

ಅವರು ಹೇಳಿದ್ದು ಸರಿ. ನಾನು ಕಟ್ಟೆಯ ಕಡೆಗೂ ಕಾಣುವ ಹಾಗೆ ತಿರುಗಿ ನಿಂತೆ. ಪಟ್ಟಿ ತುಳಿಯುವಾಗ ಅಪ್ಪ ಹೇಳಿಕೊಟ್ಟ ಹಾಗೆ ಬೆನ್ನು ನೆಟ್ಟಗೆ ಮಾಡಿದೆ.

"ಅಣ್ಣಾ, ಪಟ್ಟಿ ಕುಯ್ದವರು ನೀವಲ್ಲ, ಯಾರೂ ಅಲ್ಲ. ನಮ್ಮನೇಲಿ ಇಲಿ ಕಡಿದಿತ್ತು. ನಾನು ತಿನ್ನೋ ಎಣ್ಣೆ ಹಚ್ಚಿದ್ದೆ, ತುಳಿಯದೆ ಕೊಟ್ಟಿದ್ದೆ. ನೀವು ಮನೆಗೆ ಬಂದು ಕೇಳಿದಾಗ ನಿಮ್ಮ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ನಿಮ್ಮ ಮೇಲೆ ಬಂದ ಮಾತೆಲ್ಲ ನನ್ನದು. ತಪ್ಪು ನಂದು ಅಣ್ಣಾ. ನನ್ನನ್ನು ಕ್ಷಮಿಸಿ."